ಮೂರು ಕೊಂಡಿಯ ಗೆಲುವು, ಎರಡು ಕೊಂಡಿಯ ಪಾಡು

ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಒಂದು ಕೆಟ್ಟ ಹೆಸರಿತ್ತು. ಹಿಂದೆ ಕೊಕ್ಕೆ ಹಾಕಿ ಎಳೆಯುತ್ತಿದ್ದ ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಚಕ್ರ ನಿಲ್ಲುತ್ತಿತ್ತು, ಎಂಜಿನ್ ನಿಲ್ಲುತ್ತಿರಲಿಲ್ಲ. ಮೂತಿ ಮೇಲೆದ್ದು ಇಡೀ ಯಂತ್ರ ಚಾಲಕನ ಮೇಲೆಯೇ ಮಗುಚಿ ಬೀಳುತ್ತಿತ್ತು. ಇದಕ್ಕೆ ಮದ್ದು ಹುಡುಕಿದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್, 1909ರಲ್ಲಿ ತಾನೇ ಕಟ್ಟಿದ ವಿಮಾನ ಹಾರಿಸಿದ್ದ ಆಸಾಮಿ.

ಅವನು ಕೈ ಹಾಕಿದ್ದು ನೇಗಿಲು ಕಟ್ಟುವ ಕ್ರಮಕ್ಕೆ. ಕೆಳಗೆ ಎರಡು ತೋಳು, ಮೇಲೊಂದು ಟಾಪ್ ಲಿಂಕ್, ಒಟ್ಟು ಮೂರು ಕೊಂಡಿ. ನೆಲ ಗಟ್ಟಿಯಾದಾಗ ನೇಗಿಲಿನ ನೆತ್ತಿ ಮುಂದಕ್ಕೆ ವಾಲಿ ಟಾಪ್ ಲಿಂಕನ್ನು ಟ್ರ್ಯಾಕ್ಟರಿನತ್ತ ಒತ್ತುತ್ತದೆ. ಆ ಒತ್ತಡವೇ ಮೂತಿಯನ್ನು ಏಳಗೊಡುವುದಿಲ್ಲ. ಅದೇ ಒತ್ತಡ ಸ್ಪ್ರಿಂಗಿನ ಮೂಲಕ ಹೈಡ್ರಾಲಿಕ್ ವಾಲ್ವನ್ನು ಸರಿಸಿ ನೇಗಿಲನ್ನು ತುಸು ಎತ್ತುತ್ತದೆ. ಭಾರ ಹಿಂಚಕ್ರಗಳ ಮೇಲೆ ಬಿದ್ದು ಹಿಡಿತ ಹೆಚ್ಚುತ್ತದೆ. ಕಂಟಕವಾಗಿದ್ದ ಎಳೆತವನ್ನೇ ಕೆಲಸಕ್ಕೆ ಹಚ್ಚಿದ ಜಾಣತನವಿದು.

1938ರಲ್ಲಿ ಹೆನ್ರಿ ಫೋರ್ಡ್ ಇದನ್ನು ಕಣ್ಣಾರೆ ಕಂಡು ಕೈಕುಲುಕಿ ಒಪ್ಪಂದ ಮಾಡಿಕೊಂಡ, ಕಾಗದವಿಲ್ಲ, ಪತ್ರವಿಲ್ಲ. ಮರುವರ್ಷವೇ ಈ ಕೊಂಡಿಯಿದ್ದ ಫೋರ್ಡ್ 9ಎನ್ ಟ್ರ್ಯಾಕ್ಟರ್ ಹೊರಬಂತು. ಫೋರ್ಡ್‌ನ ಮೊಮ್ಮಗನ ಕಾಲಕ್ಕೆ ಆ ಮಾತು ಮುರಿದು, ಜಗಳ ಕೋರ್ಟಿಗೆ ಹೋಗಿ, 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಫರ್ಗುಸನ್ ಮರುವರ್ಷ ಮ್ಯಾಸಿ-ಹ್ಯಾರಿಸ್ ಜತೆ ಸೇರಿದ. ನಮ್ಮ ಹೊಲಗಳಲ್ಲಿ ಓಡಾಡುವ ಮ್ಯಾಸಿ 1035ರ ಹೆಸರಿನ ಬೇರು ಅಲ್ಲಿದೆ.

ಅಷ್ಟರಲ್ಲಿ ಎದುರಾಳಿಗಳು ತಮ್ಮದೇ ಕೊಂಡಿ ಮಾಡಿಕೊಂಡಿದ್ದರು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ 1950ರ ದಶಕದಲ್ಲಿ ತನ್ನ ಫಾರ್ಮಾಲ್ ಟ್ರ್ಯಾಕ್ಟರಿಗೆ ಕೂರಿಸಿದ ‘ಫಾಸ್ಟ್ ಹಿಚ್’ನಲ್ಲಿ ಎರಡೇ ಗೂಡು. ಚಾಲಕ ಕೆಳಗಿಳಿಯದೆ ರಿವರ್ಸ್ ಬಂದರೆ ಸಲಕರಣೆಯ ಮೂತಿಗಳು ಅದರೊಳಗೆ ಕೂತು ಬೀಗ ಬೀಳುತ್ತಿತ್ತು. ನನ್ನ ಕೇಳಿದರೆ, ತಗುಲಿಸುವ ಸುಖ ಇದರಲ್ಲೇ ಹೆಚ್ಚು. ಆದರೆ ಮೂರು ಕೊಂಡಿಯೇ ಜಗತ್ತಿನ ವಾಡಿಕೆಯಾದ ಮೇಲೆ ಈ ಗೂಡುಗಳಿಗೆ ಹೊಂದುವ ನೇಗಿಲು ಸಿಗುವುದೇ ಕಷ್ಟವಾಯಿತು.

ಅದಕ್ಕೇ ಅಮೆರಿಕದಲ್ಲಿ ಹಳೆಯ ಫಾರ್ಮಾಲ್ ಇಟ್ಟುಕೊಂಡವರು ಗೂಡುಗಳಿಗೆ ಉಕ್ಕಿನ ತೋಳು ತೂರಿಸಿ, ಹಿಂಭಾಗಕ್ಕೆ ಟಾಪ್ ಲಿಂಕಿನ ಬ್ರಾಕೆಟ್ ಬೋಲ್ಟ್ ಮಾಡುತ್ತಾರೆ. ಪಿನ್ನಿನ ಅಳತೆಯೂ ನೋಡಬೇಕು: ಕೆಳತೋಳಿನ ಪಿನ್ ಮೂರು ಕೊಂಡಿಯ ಒಂದನೇ ಗಾತ್ರವರ್ಗದಲ್ಲಿ 22 ಮಿ.ಮೀ., ಎರಡನೆಯದರಲ್ಲಿ 28. ತೂತು ದೊಡ್ಡದಾದರೆ ಬುಷ್ ಹಾಕಿದರೆ ಸಾಕು. ತೊಡಕಿರುವುದು ಟಾಪ್ ಲಿಂಕಿನಲ್ಲಿ. ಹೀಗೆ ಸೇರಿಸಿದ್ದು ಬರೀ ಸರಳು. ಅದರ ಹಿಂದೆ ಸ್ಪ್ರಿಂಗೂ ಇಲ್ಲ, ವಾಲ್ವೂ ಇಲ್ಲ. ಆಳ ಕಾಯಲು ಸಲಕರಣೆಗೇ ಒಂದು ಚಕ್ರ ಕಟ್ಟಬೇಕು, ಇಲ್ಲವೇ ಚಾಲಕ ಲಿವರ್ ಮೇಲಿನ ಕೈ ತೆಗೆಯುವಂತಿಲ್ಲ.