ಟಿಪ್ಪಣಿ ಉಳಿದು ಧ್ವನಿ ಅಳಿದಾಗ

ಈಲಾನ್ ತಂತ್ರಾಂಶದ ಟಿಪ್ಪಣಿ ಕಡತದೊಳಗೆ ಧ್ವನಿ ಇರುವುದಿಲ್ಲ. ಧ್ವನಿಕಡತ ಎಲ್ಲಿದೆಯೆಂಬ ವಿಳಾಸವಷ್ಟೇ ಇರುತ್ತದೆ. ಟಿಪ್ಪಣಿಯನ್ನು ಮಾತ್ರ ನಕಲಿಸಿಟ್ಟುಕೊಂಡ ಸಂಶೋಧಕರು ಇದನ್ನು ತಡವಾಗಿ ಅರಿಯುತ್ತಾರೆ. ನನ್ನಲ್ಲಿಯೂ ಹೀಗೆ ಉಳಿದ ಒಂದು ಕೊಡವ ಕಥನವಿದೆ: ಕೇಂದ್ರ ಸ್ವರವೆಂದು ನಾನು ಗುರುತಿಸಿದ್ದನ್ನು ಮರಳಿ ಕೇಳಿ ಪರೀಕ್ಷಿಸಲು ಮುದ್ರಣವಿಲ್ಲ, ಹೇಳಿದ ಹಿರಿಯರೂ ಇಂದಿಲ್ಲ.

ಆದುದರಿಂದ ಧ್ವನಿ, ಟಿಪ್ಪಣಿ, ಸಮ್ಮತಿಪತ್ರ ಮೂರಕ್ಕೂ ಮುದ್ರಣದ ದಿನವೇ ಒಂದೇ ಮೂಲನಾಮ ನೀಡುವುದು ಲೇಸು: ಭಾಷೆಯ ಐಎಸ್‌ಒ ಸಂಕೇತ (ಕೊಡವಕ್ಕೆ ಕೆಎಫ್‌ಎ), ವರ್ಷ-ತಿಂಗಳು-ದಿನ, ಭಾಷಿಕರ ಸಂಕೇತ. ವರ್ಷ ಮೊದಲಿದ್ದರೆ ಕಡತಗಳು ಕಾಲಾನುಕ್ರಮದಲ್ಲಿ ತಾವೇ ನಿಲ್ಲುತ್ತವೆ. ಟಿಪ್ಪಣಿ ಆರಂಭವಾದ ಮೇಲೆ ಧ್ವನಿಕಡತದ ಹೆಸರು ಬದಲಿಸಿದರೆ ಕೊಂಡಿ ಕಳಚುತ್ತದೆ. ಪ್ರತಿಗಳು 3 ಇರಲಿ, ಒಂದು ಬೇರೆ ಊರಿನಲ್ಲಿರಲಿ. ಲ್ಯಾಪ್‌ಟಾಪಿನ ಚೀಲದಲ್ಲೇ ಇರುವ ಹಾರ್ಡ್‌ಡಿಸ್ಕನ್ನು ನಾನು ಪ್ರತ್ಯೇಕ ಪ್ರತಿಯೆಂದು ಎಣಿಸುವುದಿಲ್ಲ.