ಹಿಂಬರಹ

ಸರ್ಕಾರಿ ಸೇವೆಯಲ್ಲಿದ್ದ ಮೂವತ್ತೈದು ವರ್ಷಗಳಲ್ಲಿ ನಾನು ಈ ರಾಜ್ಯದ ಅನೇಕ ಊರುಗಳನ್ನು ಕಂಡಿದ್ದೇನೆ ಎಂದು ನಂಬಿದ್ದೆ. ನಿವೃತ್ತನಾದ ಮೇಲೆ ತಿಳಿಯಿತು, ನಾನು ಕಂಡದ್ದು ಜೀಪಿನ ಮುಂದಿನ ಗಾಜನ್ನು ಮಾತ್ರ. ಜೀಪಿನಲ್ಲಿ ಹೋಗುವವನಿಗೆ ಊರು ಎಂದರೆ ಒಂದು ಪ್ರವಾಸಿ ಮಂದಿರ, ಒಂದು ಕಚೇರಿ, ಅವೆರಡರ ನಡುವೆ ಕೈ ಮುಗಿದು ನಿಂತ ಕೆಲವು ಮಂದಿ. ಆದ್ದರಿಂದ ಈಗ ತಿಂಗಳಿಗೆ ಒಂದೆರಡು ಸಲ ಯಾವುದೇ ಕಾರಣವಿಲ್ಲದೆ ಕೆಂಪು ಬಸ್ಸು ಹತ್ತುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಮನೆಯವರು ಇದನ್ನು ‘ಬಾಕಿ ಉಳಿದ ಟೂರು’ ಎನ್ನುತ್ತಾರೆ. ಭತ್ಯೆಯಿಲ್ಲದ ಟೂರು ಎಂಬುದನ್ನು ಸೇರಿಸಲು ಮರೆಯುವುದಿಲ್ಲ.

ಬಸ್ಸಿನ ಪ್ರಯಾಣಿಕನಾದವನು ಮೊದಲು ಕಲಿಯಬೇಕಾದ ಪಾಠ ಚಿಲ್ಲರೆಯದು. ನಾನು ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಓದಿದವನು. ಹಣ ಎಂದರೇನು ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಆದರೆ ಹಣದ ನಿಜವಾದ ಸ್ವರೂಪವನ್ನು ಬಲ್ಲವರು ಪ್ರಾಧ್ಯಾಪಕರಲ್ಲ, ಕಂಡಕ್ಟರುಗಳು. ನಮ್ಮ ತಂದೆಯ ಕಾಲದವರು 1957ರ ಏಪ್ರಿಲ್ 1ರಂದು ಆಣೆಯಿಂದ ನಯಾಪೈಸೆಗೆ ಬದಲಾದ ಗೊಂದಲವನ್ನು ಕೊನೆಯವರೆಗೂ ನೆನೆಯುತ್ತಿದ್ದರು. ನಮ್ಮ ಕಾಲದಲ್ಲಿ ಪೈಸೆಗಳು ಒಂದೊಂದಾಗಿ ಸತ್ತವು. 2011ರ ಜೂನ್ 30ರಂದು ನಾಲ್ಕಾಣೆಯೂ ಅಧಿಕೃತವಾಗಿ ತೀರಿಕೊಂಡಿತು. ಎಂಟಾಣೆ ಕಾನೂನಿನ ಪ್ರಕಾರ ಇನ್ನೂ ಜೀವಂತವಾಗಿದೆ, ಅಂಗಡಿಯವರ ಪ್ರಕಾರ ಇಲ್ಲ. ಹತ್ತು ರೂಪಾಯಿಯ ನಾಣ್ಯದ ಕಥೆಯಂತೂ ಇನ್ನೂ ವಿಚಿತ್ರ. ಅದು ಖೋಟಾ ಎಂಬ ವದಂತಿ ಹಬ್ಬಿ, ಹದಿನಾಲ್ಕು ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಬೇಕಾಯಿತು. ಅದಾದ ಮೇಲೂ ಎಷ್ಟೋ ಊರುಗಳಲ್ಲಿ ಆ ನಾಣ್ಯವನ್ನು ಮುಂದೆ ಚಾಚಿದರೆ, ಕೊಟ್ಟವನನ್ನೇ ಖೋಟಾ ಎಂಬಂತೆ ನೋಡುವವರಿದ್ದರು.

ಅಂಗಡಿಗಳಲ್ಲಿ ಚಿಲ್ಲರೆಯ ಬದಲು ಚಾಕೊಲೇಟು ಕೊಡುವ ಪದ್ಧತಿ ಓದುಗರಿಗೆ ಗೊತ್ತೇ ಇದೆ. ನಾನೊಮ್ಮೆ ಹಾಗೆ ಕೂಡಿಟ್ಟ ಹನ್ನೊಂದು ಚಾಕೊಲೇಟುಗಳನ್ನು ಅದೇ ಅಂಗಡಿಗೆ ಕೊಂಡೊಯ್ದು ಬೆಂಕಿಪೊಟ್ಟಣ, ಕರ್ಪೂರ ಕೇಳಿದೆ. ಅಂಗಡಿಯಾತ ನನ್ನ ವಯಸ್ಸನ್ನು ನೋಡಿ ಸುಮ್ಮನಾದ. ಒಂದೇ ದಿಕ್ಕಿನಲ್ಲಿ ಚಲಿಸುವ ಹಣದ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಏನೂ ಇರಲಿಲ್ಲ.

ಇದಕ್ಕೆ ಹೋಲಿಸಿದರೆ ಕಂಡಕ್ಟರ ಪದ್ಧತಿ ಎಷ್ಟೋ ಗೌರವಯುತವಾದದ್ದು. ಆತ ಬಾಕಿ ಮೊತ್ತವನ್ನು ಟಿಕೆಟ್ಟಿನ ಹಿಂದೆ ಬರೆದು, ಸುತ್ತ ಒಂದು ಸೊನ್ನೆ ಹಾಕಿ ಕೊಡುತ್ತಾನೆ. ಸಹಿಯಿಲ್ಲ, ಮೊಹರಿಲ್ಲ, ಸಾಕ್ಷಿಯಿಲ್ಲ. ಇಳಿಯುವ ಮುನ್ನ ಅದನ್ನು ತೋರಿಸಿದರೆ ಹಣ ಬರುತ್ತದೆ. ನಾವು ಮರೆತರೆ ಮಾತ್ರ ಹೋಗುತ್ತದೆ, ಆತ ಇಲ್ಲವೆಂದು ವಾದಿಸಿದ್ದನ್ನು ನಾನು ಕಂಡಿಲ್ಲ. ಈಗಿನ ಯಂತ್ರದ ಟಿಕೆಟ್ಟಿನಲ್ಲಿ ಅಚ್ಚಾದ ಅಕ್ಷರಗಳು ಕೆಲವು ದಿನಗಳಲ್ಲಿ ಅಳಿಸಿಹೋಗುತ್ತವೆ, ಪೆನ್ನಿನಲ್ಲಿ ಬರೆದ ಸಾಲ ಉಳಿಯುತ್ತದೆ. ಯಂತ್ರ ತಯಾರಿಸಿದವರಿಗೆ ಈ ಸೂಕ್ಷ್ಮ ಹೊಳೆದಿರಲಾರದು.

ಎರಡು ತಿಂಗಳ ಹಿಂದೆ, ಒಂದು ಸೋಮವಾರ ಮಧ್ಯಾಹ್ನ, ತುಮಕೂರಿನಲ್ಲಿ ತಿಪಟೂರಿನ ಬಸ್ಸು ಹತ್ತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಬಸ್ಸುಗಳಲ್ಲಿ ಹೆಂಗಸರು ಧಾರಾಳವಾಗಿ ಮಾತನಾಡುತ್ತಾರೆ, ಗಂಡಸರು ಒತ್ತರಿಸಿಕೊಂಡು ಕೂರುತ್ತಾರೆ. ಮೊದಲು ಇದು ತಿರುವುಮುರುವಾಗಿತ್ತು, ಆದ್ದರಿಂದ ನನ್ನದೇನೂ ತಕರಾರಿಲ್ಲ. ಹಿಂದಿನ ಸಾಲಿನಲ್ಲಿ ಒಬ್ಬ ಯಜಮಾನರ ಪಕ್ಕ ಜಾಗ ಸಿಕ್ಕಿತು. ಎಪ್ಪತ್ತು ದಾಟಿದ ವಯಸ್ಸು, ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ತೊಡೆಯ ಮೇಲೆ ಜವಳಿ ಅಂಗಡಿಯ ಹಳೆಯ ಕೈಚೀಲ. ಇಬ್ಬರೂ ಆಧಾರ್ ಕಾರ್ಡು ತೋರಿಸಿ ಹಿರಿಯ ನಾಗರಿಕರಿಗೆ ಕೊಡುವ ಶೇಕಡ 25ರ ರಿಯಾಯಿತಿ ಪಡೆದೆವು. ಕಂಡಕ್ಟರು ಅವರ ಕಾರ್ಡನ್ನು ನೋಡಲೇ ಇಲ್ಲ. ನನ್ನದನ್ನು ಮಾತ್ರ ಎರಡು ಸಲ ನೋಡಿದರು. ಕೂದಲಿಗೆ ಬಣ್ಣ ಹಚ್ಚುವವರಿಗೆ ಈ ದೇಶದಲ್ಲಿ ದೊರೆಯುವ ಲಾಭ ಇಷ್ಟೇ.

ರಿಯಾಯಿತಿಯ ಒಂದು ದೋಷವೆಂದರೆ ದರವನ್ನು ಅಂಕುಡೊಂಕು ಮಾಡುವುದು. ಇಬ್ಬರೂ ನೂರರ ನೋಟು ಕೊಟ್ಟಿದ್ದೆವು, ಇಬ್ಬರಿಗೂ ಇಪ್ಪತ್ತೇಳು ರೂಪಾಯಿ ಬರಬೇಕಾಗಿತ್ತು. ಕಂಡಕ್ಟರು ನನ್ನ ಟಿಕೆಟ್ಟಿನ ಹಿಂದೆ 54 ಎಂದು ಬರೆದು, “ಇಬ್ರೂ ತಿಪಟೂರೇ ಅಲ್ವಾ? ಹಂಚ್ಕೊಳಿ” ಎಂದು ಮುಂದೆ ಹೋದರು. ಹೀಗೆ ಹೆಸರೂ ಗೊತ್ತಿಲ್ಲದ ನಾವಿಬ್ಬರೂ ಒಂದು ಕ್ಷಣದಲ್ಲಿ ಜಂಟಿ ಖಾತೆದಾರರಾದೆವು.

ಜಂಟಿ ಖಾತೆದಾರರು ಮಾತನಾಡದೆ ಇರುವಂತಿಲ್ಲ. ಗುಬ್ಬಿ ಬರುವಷ್ಟರಲ್ಲಿ ಮಳೆಯ ವಿಚಾರ ಮುಗಿದಿತ್ತು, ನಿಟ್ಟೂರಿನ ಹೊತ್ತಿಗೆ ಕೊಬ್ಬರಿಯ ಧಾರಣೆ. ತೆಂಗಿನ ಸೀಮೆಯಲ್ಲಿ ಈ ಎರಡು ವಿಷಯಗಳನ್ನು ದಾಟದೆ ಯಾರೂ ಸ್ವಂತ ವಿಷಯಕ್ಕೆ ಬರುವುದಿಲ್ಲ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಅವರು ಕೈಚೀಲದಿಂದ ಒಂದು ಪ್ಲಾಸ್ಟಿಕ್ ಹೊದಿಕೆ ತೆಗೆದು, “ಸ್ವಾಮಿ, ಕನ್ನಡಕ ತಂದಿಲ್ಲ, ಇದ್ರಲ್ಲಿ ಏನು ಬರ್ದವ್ರೆ ಸ್ವಲ್ಪ ಓದಿ” ಎಂದರು.

ಅದೊಂದು ಹಿಂಬರಹ.

ಕಂದಾಯ ಇಲಾಖೆಯ ಪರಿಚಯವಿಲ್ಲದವರಿಗೆ ಹೇಳಬೇಕು. ಅರ್ಜಿದಾರನಿಗೆ ಕಚೇರಿಯು ಕೊಡುವ ಲಿಖಿತ ಉತ್ತರಕ್ಕೆ ಹಿಂಬರಹವೆಂದು ಹೆಸರು. ಹಿಂದಿನ ಕಾಲದಲ್ಲಿ ಅರ್ಜಿಯ ಹಿಂಬದಿಯಲ್ಲೇ ಬರೆದು ಕೊಡುತ್ತಿದ್ದುದರಿಂದ ಈ ಹೆಸರು ಬಂದಿರಬೇಕು. ಹೆಚ್ಚಿನ ಹಿಂಬರಹಗಳ ತಾತ್ಪರ್ಯ ಒಂದೇ: ಆಗುವುದಿಲ್ಲ. ‘ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ’ ಎಂದು ಆರಂಭವಾಗಿ ‘ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಿದೆ’ ಎಂದು ಮುಗಿಯುವ ಆ ವಾಕ್ಯವನ್ನು ನಿದ್ದೆಯಲ್ಲೂ ಹೇಳಬಲ್ಲೆ. ನಾನೇ ಅಂಥ ಸಾವಿರಾರು ಕಾಗದಗಳಿಗೆ ಸಹಿ ಮಾಡಿದ್ದೇನೆ.

ಯಜಮಾನರ ತಂದೆಗೆ ಬೇರೊಂದು ತಾಲ್ಲೂಕಿನಲ್ಲಿ ಸರ್ಕಾರ ಜಮೀನು ಮಂಜೂರು ಮಾಡಿತ್ತು, ಒಂದು ಎಕರೆ ಹನ್ನೆರಡು ಗುಂಟೆ. ಉಳುಮೆ ಮಾಡಿಕೊಂಡು ಬಂದಿದ್ದಾರೆ, ಪಹಣಿಯಲ್ಲಿ ಹೆಸರೂ ಇದೆ. ಆದರೆ ಪೋಡಿ ಆಗಿಲ್ಲ, ಅಂದರೆ ಇಡೀ ಸರ್ವೆ ನಂಬರಿನಿಂದ ಅವರ ತುಂಡನ್ನು ಅಳತೆ ಮಾಡಿ ಪ್ರತ್ಯೇಕಿಸಿಲ್ಲ. ಪೋಡಿಯಾಗದೆ ಮಕ್ಕಳಿಗೆ ಭಾಗ ಮಾಡಿಕೊಡಲಾಗದು. ಹಿಂಬರಹದಲ್ಲಿದ್ದದ್ದು ಇಷ್ಟು: ಮೂಲ ಮಂಜೂರಾತಿ ಕಡತವು ಲಭ್ಯವಿಲ್ಲದ ಕಾರಣ, ಅದರ ದೃಢೀಕೃತ ನಕಲನ್ನು ಅರ್ಜಿದಾರರೇ ಹಾಜರುಪಡಿಸತಕ್ಕದ್ದು.

ಮಂಜೂರಾತಿ ಕಡತ ಇರುವುದು ಕಚೇರಿಯ ದಾಖಲೆ ಕೊಠಡಿಯಲ್ಲಿ. ದೃಢೀಕೃತ ನಕಲು ಕೊಡಬೇಕಾದದ್ದೂ ಅದೇ ಕಚೇರಿ. ತನ್ನ ಬಳಿ ಇಲ್ಲದ ಕಾಗದದ ನಕಲನ್ನು ತನ್ನಿಂದಲೇ ಪಡೆದು ತನಗೇ ತಂದುಕೊಡು ಎಂದು ಅದು ಒಬ್ಬ ಮುದುಕನಿಗೆ ಹೇಳಿತ್ತು. ಓದಿ ಹೇಳಿದೆ. ಅವರು, “ಅದೇ ಸ್ವಾಮಿ, ಹೋದಾಗೆಲ್ಲ ಸಾಹೇಬ್ರು ಸ್ಪಾಟಿಗೆ ಹೋಗವ್ರೆ ಅಂತಾರೆ. ಸೋಮ್ವಾರ ಸಿಕ್ತಾರೆ ಅಂತ ಸೋಮ್ವಾರ ಸೋಮ್ವಾರ ಬತ್ತೀನಿ” ಎಂದರು. ಧ್ವನಿಯಲ್ಲಿ ದೂರೇನೂ ಇರಲಿಲ್ಲ. ಮಳೆಯ ಬಗ್ಗೆ ಹೇಳಿದ ದನಿಯಲ್ಲೇ ಹೇಳಿದರು.

ಕಚೇರಿಯ ಹೆಸರು ಇಲ್ಲಿ ಬೇಡ. ಆ ಸಹಿ ಯಾರದೆಂದು ನನಗೆ ಗೊತ್ತಿರಲಿಲ್ಲ, ಆದರೆ ಆ ಉಪಾಯ ನನಗೆ ಚೆನ್ನಾಗಿ ಗೊತ್ತಿತ್ತು. ಕಡತ ಕಳೆದಿದೆ ಎಂದು ಒಪ್ಪಿಕೊಂಡರೆ ಹುಡುಕಬೇಕು, ಸಿಗದಿದ್ದರೆ ಹೊಣೆ ನಿಗದಿ ಮಾಡಬೇಕು, ಬೇರೆ ದಾಖಲೆಗಳ ಆಧಾರದಿಂದ ಕಡತವನ್ನು ಮತ್ತೆ ಕಟ್ಟಬೇಕು. ಅರ್ಜಿದಾರನೇ ತರಲಿ ಎಂದು ಬರೆದುಬಿಟ್ಟರೆ ಬಾಕಿ ಪಟ್ಟಿಯಲ್ಲಿ ಒಂದು ಅರ್ಜಿ ‘ವಿಲೇವಾರಿ’ಯಾಗುತ್ತದೆ. ತಿಂಗಳ ಸಭೆಗೆ ಮುನ್ನ ವಿಲೇವಾರಿಯ ಅಂಕಿ ಏರಬೇಕಾದಾಗ ನಾನೂ ಹೀಗೆ ಬರೆಸಿದ್ದುಂಟು. ಆಗ ಕಾಗದ ತಲುಪಿದವನ ಪಕ್ಕ ಕುಳಿತು ಅದನ್ನು ಓದಿ ಹೇಳುವ ಪ್ರಮೇಯ ಬಂದಿರಲಿಲ್ಲ.

ತಿಪಟೂರಿನಲ್ಲಿ ಇಳಿಯುವಾಗ ಕಂಡಕ್ಟರು ಐವತ್ತರ ಒಂದು ನೋಟನ್ನೂ ಎರಡು ರೂಪಾಯಿಯ ಎರಡು ನಾಣ್ಯಗಳನ್ನೂ ನನ್ನ ಕೈಗಿತ್ತು, ಟಿಕೆಟ್ಟಿನ ಮೇಲಿನ 54ನ್ನು ಹೊಡೆದುಹಾಕಿದರು. ಅವರ ಲೆಕ್ಕ ಚುಕ್ತಾ. ನಮ್ಮದು ಆರಂಭ. ಐವತ್ತನ್ನು ಒಡೆಯಲು ನಿಲ್ದಾಣದ ಎದುರಿನ ಹೋಟೆಲಿಗೆ ಹೋದೆವು. ಗಲ್ಲಾದ ಮೇಲೆ ಕ್ಯೂಆರ್ ಕೋಡಿನ ಫಲಕ. “ಚಿಲ್ರೆ ಎಲ್ಲಿಂದ ತರ್ಲಿ ಸಾರ್, ಎಲ್ರೂ ಫೋನಲ್ಲೇ ಕೊಡ್ತಾರೆ” ಎಂದು ಮಾಲೀಕರು ಖಾಲಿ ಡ್ರಾಯರನ್ನು ಎಳೆದು ತೋರಿಸಿದರು. ಪಕ್ಕದ ಬೀಡಾ ಅಂಗಡಿಯಲ್ಲೂ ಅದೇ, ಬಾಳೆಹಣ್ಣಿನ ಗಾಡಿಯಲ್ಲೂ ಅದೇ. ಯುಪಿಐ ಬಂದು ಚಿಲ್ಲರೆಯ ಸಮಸ್ಯೆ ಬಗೆಹರಿಯಿತು ಎಂದು ನಾನು ಅನೇಕರಿಗೆ ಉಪನ್ಯಾಸ ಕೊಟ್ಟಿದ್ದೇನೆ. ಬಗೆಹರಿದಿರುವುದು ಸ್ಮಾರ್ಟ್ ಫೋನ್ ಇರುವವರ ಸಮಸ್ಯೆ. ಯಜಮಾನರ ಬಳಿ ಇದ್ದದ್ದು ಗುಂಡಿ ಒತ್ತುವ ಫೋನು.

ನೋಟನ್ನು ಅವರಿಗೇ ಕೊಡಲು ಹೋದೆ. ಮುಖ ಬಿಗಿಯಿತು. “ನಿಮ್ ದುಡ್ಡು ನಂಗ್ಯಾಕೆ ಸ್ವಾಮಿ?” ತಿಂಡಿ ತಿಂದು ಸರಿದೂಗಿಸೋಣವೆಂದೆ. ಮನೆಯಲ್ಲಿ ಮುದ್ದೆ ಮಾಡಿಟ್ಟಿರುತ್ತಾರೆ ಎಂದರು. ಅಷ್ಟರಲ್ಲಿ ಅವರ ಊರಿನ ಬಸ್ಸು ಬಂತು. ಎರಡು ನಾಣ್ಯಗಳಲ್ಲಿ ಒಂದನ್ನು ಎಣಿಸಿ ತೆಗೆದುಕೊಂಡು, “ನೋಟು ನಿಮ್ತಾವೇ ಇರ್ಲಿ. ಬರೋ ಸೋಮ್ವಾರ ಇದೇ ಬಸ್ಸಿಗೆ ಬತ್ತೀನಿ” ಎಂದು ಹತ್ತಿಬಿಟ್ಟರು. ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಮೂವತ್ತೈದು ವರ್ಷ ಸಾರ್ವಜನಿಕರ ನೌಕರನಾಗಿದ್ದ ನನ್ನನ್ನು, ಆಧಾರ ಪತ್ರವಿಲ್ಲದೆ, ಸಾರ್ವಜನಿಕರೊಬ್ಬರು ನಂಬಿದ್ದು ಬಹುಶಃ ಅದೇ ಮೊದಲು.

ಇಪ್ಪತ್ತೈದು ರೂಪಾಯಿ ಹಿಂತಿರುಗಿಸಲು ಬೆಂಗಳೂರಿನಿಂದ ತುಮಕೂರಿಗೆ ಹೋಗುವುದು ಯಾವ ಲೆಕ್ಕದಿಂದ ನೋಡಿದರೂ ನಷ್ಟ. ಮನೆಯಲ್ಲಿ ಇದನ್ನು ಬಾಯಿಬಿಟ್ಟೇ ಹೇಳಿದರು. ಆ ವಾರವೆಲ್ಲ ನನ್ನನ್ನು ಕಾಡಿದ್ದು ಬೇರೆ. ಒಂದು ಫೋನು ಮಾಡಿದರೆ ಸಾಕಿತ್ತು. ನನ್ನ ಕೈಕೆಳಗೆ ಕೆಲಸ ಮಾಡಿದವರು ಈಗ ಮೇಲಿನ ಹುದ್ದೆಗಳಲ್ಲಿದ್ದಾರೆ, ಕಡತ ನಾಲ್ಕು ದಿನದಲ್ಲಿ ಸಿಕ್ಕರೂ ಸಿಗುತ್ತಿತ್ತು. ಆದರೆ ಫೋನು ಮಾಡುವವರ ಕಡತಗಳು ಮಾತ್ರ ಸಿಗುವುದರಿಂದಲೇ ಉಳಿದವರದು ‘ಲಭ್ಯವಿಲ್ಲ’ ಆಗುತ್ತದೆಂಬುದನ್ನು ನಾನು ಒಳಗಿದ್ದು ಕಂಡವನು. ಅವರ ಹಿಂದೆ ಅದೇ ಸಾಲಿನಲ್ಲಿ ನಿಂತವರಿಗೆ ನನ್ನಂಥ ಸಹಪ್ರಯಾಣಿಕ ಸಿಕ್ಕಿರುವುದಿಲ್ಲ. ಮೂರು ಸಲ ಫೋನು ಎತ್ತಿ ಮೂರು ಸಲವೂ ಇಟ್ಟೆ. ಸರಿ ಮಾಡಿದೆನೆಂದು ಈಗಲೂ ಖಚಿತವಿಲ್ಲ.

ಸೋಮವಾರ ತುಮಕೂರಿನ ನಿಲ್ದಾಣದಲ್ಲಿ ಐದು ರೂಪಾಯಿಯ ಐದು ನಾಣ್ಯಗಳೊಡನೆ ಕಾದೆ. ಬಂದರು. ನಾಣ್ಯಗಳನ್ನು ಟವೆಲ್ಲಿನ ತುದಿಗೆ ಗಂಟು ಕಟ್ಟಿಕೊಂಡರು. ಸಾಹೇಬರು ಆ ದಿನವೂ ಸ್ಪಾಟಿಗೆ ಹೋಗಿದ್ದರಂತೆ. ಚೀಲದಲ್ಲಿ ನಾನು ಒಂದು ಅರ್ಜಿಯ ಕರಡು ತಂದಿದ್ದೆ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ, ಒಂದೇ ಪುಟ. ಮಂಜೂರಾತಿ ಕಡತದ ನಕಲು ಕೊಡಿ. ಇಲ್ಲವಾದರೆ ಕಡತ ಕಚೇರಿಯಲ್ಲಿಲ್ಲವೆಂದೂ, ಕೊನೆಯದಾಗಿ ಅದು ಯಾರ ವಶದಲ್ಲಿತ್ತೆಂದೂ ಲಿಖಿತವಾಗಿ ತಿಳಿಸಿ. ಇಂಥ ಅರ್ಜಿ ಬಂದಾಗ ಕಚೇರಿಯಲ್ಲಿ ಕುಳಿತವನ ಹೊಟ್ಟೆಯಲ್ಲಿ ಏನಾಗುತ್ತದೆಂದು ಬಲ್ಲೆ. ‘ಇಲ್ಲ’ ಎಂದು ಬರೆದ ಕೈ ಮುಂದೆ ಹುಡುಕಲೇಬೇಕಾಗುತ್ತದೆ.

ಓದಿ ಹೇಳಿದೆ. ಎರಡು ಸಲ ಕೇಳಿ, ರುಜು ಹಾಕಿದರು. ಆ ಬಸ್ಸನ್ನು ಬಿಟ್ಟು ಅಂಚೆ ಕಚೇರಿಗೆ ನಡೆದೆವು. ಹತ್ತು ರೂಪಾಯಿಯ ಶುಲ್ಕವನ್ನು ಅವರು ಗಂಟು ಬಿಚ್ಚಿ ತಾವೇ ಕೊಟ್ಟರು. ರಿಜಿಸ್ಟರ್ಡ್ ಪೋಸ್ಟ್ ಮಾಡಿ ಎಂದು ನಾನು ಹಳೆಯ ಅಭ್ಯಾಸದಿಂದ ಕೇಳಿದೆ. ಅದು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ ಎಂದು ಗುಮಾಸ್ತೆ ತಿದ್ದಿದರು. ಅದರ ಹಣವನ್ನು ಅವಸರದಲ್ಲಿ ನಾನು ಕೊಟ್ಟುಬಿಟ್ಟೆ. ಯಜಮಾನರು ಮೆಟ್ಟಿಲ ಮೇಲೆಯೇ ತಡೆದು ನಿಲ್ಲಿಸಿದರು.

“ಎಷ್ಟಾಯ್ತು ಸ್ವಾಮಿ?”

ಇರಲಿ ಬಿಡಿ ಎಂದೆ. ಒಪ್ಪಲಿಲ್ಲ. ಚಿಲ್ಲರೆ ಸಾಲದು ಎಂದು ಲೆಕ್ಕ ಹಾಕಿ, “ಅವತ್ತು ಕಂಡಕ್ಟ್ರು ಬರ್ದ್ರಲ್ಲ, ಹಂಗೆ ಬರ್ಕೊಳಿ” ಎಂದರು. ಬೆಳಗ್ಗೆ ಬೆಂಗಳೂರಿನಿಂದ ಬಂದ ಟಿಕೆಟ್ಟಿನ ಹಿಂದೆ ಮೊತ್ತ ಬರೆದು, ಸುತ್ತ ಒಂದು ಸೊನ್ನೆ ಹಾಕಿ ತೋರಿಸಿದೆ. ನೋಡಿ ತಲೆಯಾಡಿಸಿದರು. ಬಸ್ಸಿಗೆ ಹೋಗುವ ದಾರಿಯಲ್ಲಿ, “ನೀವು ಯಾವ ಕೆಲ್ಸದಲ್ಲಿದ್ರಿ?” ಎಂದು ಮೊದಲ ಬಾರಿಗೆ ಕೇಳಿದರು. ಕಂದಾಯ ಇಲಾಖೆ ಎಂದೆ. ಸ್ವಲ್ಪ ದೂರ ಸುಮ್ಮನೆ ನಡೆದರು. ಆಮೇಲೆ, “ಅದಕ್ಕೇ ಗೊತ್ತು ನಿಮ್ಗೆ” ಎಂದರು.

ಆ ಟಿಕೆಟ್ಟು ನನ್ನ ಪರ್ಸಿನಲ್ಲಿದೆ. ಅಚ್ಚಾದ ದರ, ದಿನಾಂಕಗಳು ಆಗಲೇ ಮಸುಕಾಗುತ್ತಿವೆ. ಕಾಯ್ದೆಯ ಪ್ರಕಾರ ಅರ್ಜಿ ತಲುಪಿದ ದಿನದಿಂದ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಆ ಮೂವತ್ತು ದಿನ ಕಳೆದ ವಾರ ಮುಗಿಯಿತು, ಉತ್ತರ ಬಂದಿಲ್ಲ. ಮೊದಲ ಮೇಲ್ಮನವಿಯ ಕರಡು ಸಿದ್ಧವಾಗಿದೆ. ಬರುವ ಸೋಮವಾರ ತುಮಕೂರಿಗೆ ಹೋಗುತ್ತಿದ್ದೇನೆ.