ಬಳಸಿದ ವಸ್ತುಗಳ ಆ್ಯಪ್: ಹಣ ಮೊದಲೋ, ಸಾಮಾನು ಮೊದಲೋ?

ಹಳೆಯ ಸ್ಕೂಟರಿನ ಎಂಜಿನ್ ಯಾವಾಗ ಕೈಕೊಡುತ್ತದೆ, ಫ್ರಿಜ್ ಎಷ್ಟು ಸಲ ರಿಪೇರಿ ಕಂಡಿದೆ ಎಂಬುದು ಮಾರುವವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ತಿಳಿವಳಿಕೆಯ ಈ ಏರುಪೇರು ಇಡೀ ಮಾರುಕಟ್ಟೆಯನ್ನೇ ಕೆಡಿಸಬಲ್ಲದೆಂದು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬಳಸಿದ ಕಾರುಗಳ ಉದಾಹರಣೆಯಿಂದ ತೋರಿಸಿದರು: ಮೋಸಹೋಗುವ ಭಯದಿಂದ ಕೊಳ್ಳುವವರು ಎಲ್ಲ ಕಾರಿಗೂ ಕಡಿಮೆ ಬೆಲೆಯನ್ನೇ ಕೇಳತೊಡಗಿದಾಗ, ಒಳ್ಳೆಯ ಕಾರಿನ ಮಾಲೀಕರು ಆ ಬೆಲೆ ಗಿಟ್ಟದೆ ಹಿಂದೆ ಸರಿಯುತ್ತಾರೆ, ಕೆಟ್ಟ ಕಾರುಗಳಷ್ಟೇ ಮಾರಾಟಕ್ಕೆ ಉಳಿಯುತ್ತವೆ. 2001ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ತಂದ ಈ ವಿಚಾರವೇ, ಬಳಸಿದ ವಸ್ತುಗಳ ವ್ಯಾಪಾರಕ್ಕೆಂದು ಆ್ಯಪ್ ರೂಪಿಸುವವರು ಬಿಡಿಸಬೇಕಾದ ಮೊದಲ ಗಂಟು. ಬಣ್ಣ, ಗುಂಡಿ, ಚಿತ್ರಗಳ ಅಂದಚೆಂದವೆಲ್ಲ ಆಮೇಲಿನ ಮಾತು.

ಈ ಗಂಟನ್ನು ಬಿಡಿಸಲು ಮುಖ್ಯವಾಗಿ ಎರಡು ದಾರಿಗಳು ಬೆಳೆದಿವೆ. ಭಾರತದಲ್ಲಿ ಚಿರಪರಿಚಿತವಾದ ಓಎಲ್‌ಎಕ್ಸ್, ಕ್ವಿಕರ್ ಮಾದರಿಯು ಮೂಲತಃ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಮುಂದುವರಿಕೆ. ಅಲ್ಲಿ ಆ್ಯಪ್ ಇಬ್ಬರನ್ನು ಪರಿಚಯಿಸಿ ಸರಿದು ನಿಲ್ಲುತ್ತದೆ, ವಸ್ತುವನ್ನು ನೋಡುವುದು, ಚೌಕಾಸಿ ಮಾಡುವುದು, ಹಣ ಕೊಡುವುದು ಅವರಿಗೇ ಬಿಟ್ಟದ್ದು. ಜಪಾನಿನಲ್ಲಿ 2013ರಲ್ಲಿ ಆರಂಭವಾದ ಮೆರ್ಕಾರಿ ಹಿಡಿದದ್ದು ಇನ್ನೊಂದು ದಾರಿ. ಕೊಳ್ಳುವವರು ಕೊಟ್ಟ ಹಣ ಅಲ್ಲಿ ನೇರವಾಗಿ ಮಾರುವವರ ಕೈ ಸೇರುವುದಿಲ್ಲ. ಸಾಮಾನು ತಲುಪಿ, ಕೊಂಡವರು ಅದನ್ನು ಪರೀಕ್ಷಿಸಿ ಸರಿಯಾಗಿದೆಯೆಂದು ಸೂಚಿಸುವ ತನಕ ಸಂಸ್ಥೆಯೇ ಅದನ್ನು ತಡೆಹಿಡಿದಿರುತ್ತದೆ. ಎಸ್ಕ್ರೋ ಎಂದು ಕರೆಯಲಾಗುವ ಈ ಏರ್ಪಾಡು ಹಣ ಮೊದಲೋ ಸಾಮಾನು ಮೊದಲೋ ಎಂಬ ಜಗಳಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಅದರ ಜೊತೆಗೆ, ಹೆಸರು ವಿಳಾಸಗಳನ್ನು ಪರಸ್ಪರ ತಿಳಿಸದೆಯೇ ಪಾರ್ಸೆಲ್ ಕಳುಹಿಸುವ ಸೌಲಭ್ಯವೂ ಇದೆ: ಮಾರುವವರು ಫೋನಿನಲ್ಲಿ ಬಂದ ಸಂಕೇತವನ್ನು ಹತ್ತಿರದ ದಿನಸಿ ಮಳಿಗೆಯಲ್ಲಿ ತೋರಿಸಿದರೆ ಸಾಕು. ಒಂಟಿಯಾಗಿರುವ ಮಹಿಳೆಯರಿಗೆ ಈ ಒಂದು ಸೌಲಭ್ಯ ಎಷ್ಟು ಧೈರ್ಯ ಕೊಡಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಸೋಫಾ, ಬೀರು, ಮಂಚಗಳನ್ನು ಹೀಗೆ ಪಾರ್ಸೆಲ್ ಮಾಡಲಾಗದು. ಆದ್ದರಿಂದ ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆ ಮನೆ ಬದಲಿಸುವವರ ಭಾರದ ಸಾಮಾನಿಗೆ ಮುಖಾಮುಖಿ ವ್ಯಾಪಾರವೇ ಸೂಕ್ತ. ಜಾಣ ವಿನ್ಯಾಸವು ವಸ್ತುವಿನ ಬಗೆಗೆ ತಕ್ಕಂತೆ ವ್ಯವಹಾರದ ಬಗೆಯನ್ನೂ ಬದಲಿಸುತ್ತದೆ.

ಅಂಕ ಕೊಡುವ ಪದ್ಧತಿ ಮೇಲುನೋಟಕ್ಕೆ ಸರಳ, ಆದರೂ ಅದರಲ್ಲೇ ಹೆಚ್ಚು ಎಡವಟ್ಟುಗಳಾಗಿವೆ. ಇಬೇ ತಾಣದಲ್ಲಿ ಕೊಂಡವರೂ ಮಾರಿದವರೂ ಪರಸ್ಪರ ಅಭಿಪ್ರಾಯ ಬರೆಯುತ್ತಿದ್ದರು. ಕೆಟ್ಟ ಮಾತು ಬರೆದರೆ ಪ್ರತಿಯಾಗಿ ತಮಗೂ ಕೆಟ್ಟ ಅಂಕವೇ ಬರುತ್ತದೆಂದು ಕೊಂಡವರು ಅಂಜಿ ಸುಮ್ಮನಿರತೊಡಗಿದ್ದರಿಂದ, 2008ರಲ್ಲಿ ಮಾರುವವರು ನಕಾರಾತ್ಮಕ ಅಭಿಪ್ರಾಯ ಕೊಡುವುದನ್ನೇ ಸಂಸ್ಥೆ ನಿಲ್ಲಿಸಿತು. ಏನು ಮಾರಬಹುದೆಂಬ ನಿಯಮಕ್ಕೂ ಕೊನೆಯಿಲ್ಲ. 2017ರಲ್ಲಿ ಮೆರ್ಕಾರಿಯಲ್ಲಿ ಕರೆನ್ಸಿ ನೋಟುಗಳೇ ಮುಖಬೆಲೆಗಿಂತ ಹೆಚ್ಚಿನ ದರಕ್ಕೆ ಮಾರಾಟಕ್ಕೆ ಬಂದವು. ಕ್ರೆಡಿಟ್ ಕಾರ್ಡಿನಿಂದ ಕೊಂಡು ಕೈಗೆ ನಗದು ಪಡೆಯುವ ಉಪಾಯವದು. ಸಂಸ್ಥೆ ಅದನ್ನು ನಿಷೇಧಿಸಿದ ಮೇಲೆ ನೋಟನ್ನೇ ಮಡಚಿ ಮಾಡಿದ ಮೀನು ಕಲಾಕೃತಿಯೆಂಬ ಹೆಸರಿನಲ್ಲಿ ಕಾಣಿಸಿಕೊಂಡಿತು!

ಭಾರತದ ವಿನ್ಯಾಸಕರ ಮುಂದಿರುವ ತೊಡಕುಗಳು ಬೇರೆ. ಕದ್ದ ಮೊಬೈಲ್ ಮಾರಾಟಕ್ಕೆ ಬರುವುದು ಅವುಗಳಲ್ಲೊಂದು. ಪ್ರತಿ ಫೋನಿಗೂ ಐಎಂಇಐ ಎಂಬ 15 ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ, ಆ ಸಂಖ್ಯೆ ನಿರ್ಬಂಧಿತ ಪಟ್ಟಿಯಲ್ಲಿದೆಯೇ ಎಂದು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಸೇವೆಯಲ್ಲಿ ನೋಡಬಹುದು. ಜಾಹೀರಾತು ಹಾಕುವಾಗಲೇ ಈ ಸಂಖ್ಯೆಯನ್ನು ಕೇಳಿ ಪರೀಕ್ಷಿಸಿದರೆ ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ. ಇದಕ್ಕಿಂತ ಕೆಟ್ಟದ್ದು ಕ್ಯೂಆರ್ ಕೋಡಿನ ವಂಚನೆ: ಕೊಳ್ಳುವವನ ಸೋಗಿನಲ್ಲಿ ಬಂದವನು ಕೋಡ್ ಕಳುಹಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ನಿಮ್ಮ ಖಾತೆಗೆ ಬರುತ್ತದೆಂದು ನಂಬಿಸುತ್ತಾನೆ, ವಾಸ್ತವವಾಗಿ ಹಣ ಹೋಗುತ್ತದೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗಿಯೇ ಇಲ್ಲ. ಈ ಸಂಗತಿಯನ್ನು ಯಾರೂ ಓದದ ಷರತ್ತುಗಳ ಪುಟದಲ್ಲಿ ಹೂತಿಡುವುದು ಸಂಸ್ಥೆಗೆ ಕಾನೂನಿನ ರಕ್ಷಣೆಯಾದೀತೇ ಹೊರತು ಬಳಕೆದಾರರಿಗಲ್ಲ. ಸಂದೇಶಗಳ ನಡುವೆ ಕ್ಯೂಆರ್ ಚಿತ್ರ ಬಂದೊಡನೆ, ಅದೇ ಜಾಗದಲ್ಲಿ, ಓದುವವರ ಭಾಷೆಯಲ್ಲಿ, ಒಂದೇ ಸಾಲಿನ ಎಚ್ಚರಿಕೆಯಾಗಿ ಅದು ಕಾಣಿಸಿಕೊಳ್ಳಬೇಕು.